ಟಗರು: ಲಾಭ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೂ ಹೇಳುತ್ತಾರೆ, ಆಫೀಸಿನವರೂ ಹೇಳುತ್ತಾರೆ. ಇಬ್ಬರೂ ಸೇರಿ ಮಾತಾಡಿಕೊಂಡಿದ್ದಾರೋ ಏನೋ. ನನ್ನ ಕೆಲಸವನ್ನು ಒಂದೇ ಒಂದು ವಾರ ಅವರ ಕೈಗೆ ಕೊಟ್ಟು ನೋಡಬೇಕು, ಆಗ ಗೊತ್ತಾಗುತ್ತದೆ ಕೋಪ ಎಲ್ಲಿಂದ ಬರುತ್ತದೆ ಎಂದು. ಊರೂರಿನ ಕುರಿಗಳನ್ನು ಡೇಟಾಬೇಸಿನೊಳಗೆ ಹೊಡೆಯುವುದು ನನ್ನ ಕೆಲಸ. ಬಯಲಲ್ಲಿ ಕುರಿ ಕಾಯುವವನಿಗೆ ಕೈಯಲ್ಲಿ ಕೋಲಾದರೂ ಇರುತ್ತದೆ. ನನಗೆ ಅದೂ ಇಲ್ಲ.

ನಮ್ಮದು ಕುರಿ ಸಾಕುವವರ ಸಂಘಗಳ ಕಚೇರಿ. ಚಿತ್ರದುರ್ಗದಲ್ಲಿ, ಕೆಳಗೆ ಪಾತ್ರೆ ಅಂಗಡಿ ಇರುವ ಒಂದು ಕಟ್ಟಡದ ಮೇಲಂತಸ್ತು. ನನ್ನ ಪಾಲಿಗೆ ಬಂದದ್ದು ನಾಲ್ಕು ತಾಲ್ಲೂಕು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಪ್ರತಿ ಹೋಬಳಿಯಲ್ಲೂ ಸಂಘದ ಸದಸ್ಯರಲ್ಲೇ ಒಬ್ಬರು ಎಣಿಕೆದಾರರು. ಅವರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಹೆಣ್ಣು ಕುರಿ ಎಷ್ಟು, ಟಗರು ಎಷ್ಟು, ಮರಿ ಎಷ್ಟು ಎಂದು ಬರೆದುಕೊಂಡು, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ ನನಗೆ ಫೈಲ್ ಕಳಿಸಬೇಕು. ಅದು ಡೇಟಾಬೇಸಿನೊಳಗೆ ಹೋದರೆ ಮಳೆಗಾಲಕ್ಕೆ ಮುಂಚೆ ನೀಲಿ ನಾಲಿಗೆ ರೋಗದ ಲಸಿಕೆ ಆ ಹೋಬಳಿಗೆ ಹೊರಡುತ್ತದೆ. ಹೋಗದಿದ್ದರೆ ಇಲ್ಲ. ಲಸಿಕೆ ಹಂಚುವ ಪಟ್ಟಿಯನ್ನು ಡೇಟಾಬೇಸೇ ತಯಾರಿಸುತ್ತದೆ, ಅದು ಯಾರ ಬಾಯಿಮಾತನ್ನೂ ಕೇಳುವುದಿಲ್ಲ.

ಹೋಗುವುದು ಎಂದರೆ ಅಷ್ಟು ಸುಲಭವಲ್ಲ. ಸಾವಿರ ಸಾಲುಗಳ ಫೈಲನ್ನು ಒಂದೇ ಸಲಕ್ಕೆ ತುಂಬಲು ಒಂದು ಆಜ್ಞೆ ಇದೆ, ಕೊಟ್ಟರೆ ಕ್ಷಣದಲ್ಲಿ ಎಲ್ಲ ಒಳಗೆ. ಆದರೆ ಒಂದು ಸಾಲು ಕೆಟ್ಟಿದ್ದರೂ ಇಡೀ ಫೈಲ್ ವಾಪಸ್. ಒಬ್ಬ ಟಿಕೆಟ್ ತೆಗೆದುಕೊಂಡಿಲ್ಲ ಎಂದು ಬಸ್ಸಿನಲ್ಲಿದ್ದವರನ್ನೆಲ್ಲ ಇಳಿಸುವ ಕಂಡಕ್ಟರ್ ಇದ್ದಾನೆ ಎಂದುಕೊಳ್ಳಿ, ಅಂಥದ್ದು. ಇಳಿಸಿದ ಮೇಲೆ ಯಾಕೆ ಇಳಿಸಿದೆ ಎಂದು ಒಂದೇ ಸಾಲಿನಲ್ಲಿ ಗೊಣಗುತ್ತದೆ. ಆ ಗೊಣಗಾಟವನ್ನು ಬಿಡಿಸಿ ಓದುವುದಕ್ಕೆ ನನಗೆ ಸಂಬಳ.

ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಆ ವಾರ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಲಸಿಕೆಯ ಪಟ್ಟಿ ಮುಚ್ಚುವುದಿತ್ತು. ಸೋಮವಾರದಿಂದಲೇ ಫೈಲುಗಳು ನನ್ನ ಜೀವ ತಿನ್ನಲು ಶುರು ಮಾಡಿದವು.

ಮೊದಲು ಹೊಳಲ್ಕೆರೆ. ರಾಮಗಿರಿಯ ಎಣಿಕೆದಾರರು ಬಲು ಅಚ್ಚುಕಟ್ಟಿನ ಮನುಷ್ಯ. ಊರು ಎಂಬ ಅಂಕಣದಲ್ಲಿ ಬರೀ ರಾಮಗಿರಿ ಎಂದು ಬರೆದು ಸುಮ್ಮನಿರದೆ, ಅಲ್ಪವಿರಾಮ ಹಾಕಿ, ‘ಸ್ಟೇಷನ್ ಹಿಂದೆ’ ಎಂದು ಸೇರಿಸಿದ್ದರು. ಡೇಟಾಬೇಸಿಗೆ ಅಲ್ಪವಿರಾಮ ಎಂದರೆ ಮುಂದಿನ ಅಂಕಣಕ್ಕೆ ನಡೆ ಎಂದರ್ಥ. ಮುಂದಿನದು ಹೆಣ್ಣು ಕುರಿಯ ಅಂಕಣ. ಹಾಗಾಗಿ ಆ ಮನೆಯಲ್ಲಿ ಹೆಣ್ಣು ಕುರಿ ಎಷ್ಟಿವೆ ಎಂದರೆ ‘ಸ್ಟೇಷನ್ ಹಿಂದೆ’ ಇವೆ ಎಂದಾಯಿತು. ನಿಜ ಹೇಳಬೇಕೆಂದರೆ ಅದು ಸುಳ್ಳೂ ಆಗಿರಲಿಲ್ಲ.

ಹೊಸದುರ್ಗದ್ದು ಅಣ್ಣತಮ್ಮಂದಿರ ಕಥೆ. ಒಂದು ಸದಸ್ಯತ್ವದ ನಂಬರಿಗೆ ಒಂದೇ ಸಾಲು ಇರಬೇಕು, ಎರಡಿದ್ದರೆ ಡೇಟಾಬೇಸ್ ಒಪ್ಪುವುದಿಲ್ಲ. ಅಲ್ಲಿ ಇಬ್ಬರು ಪಾಲಾಗಿದ್ದರು. ಮನೆ ಪಾಲಾಗಿತ್ತು, ಹೊಲ ಪಾಲಾಗಿತ್ತು, ಕುರಿ ಪಾಲಾಗಿದ್ದವು, ಅಪ್ಪನ ಸದಸ್ಯತ್ವದ ನಂಬರು ಮಾತ್ರ ಪಾಲಾಗಿರಲಿಲ್ಲ. ಅದು ನನ್ನದೇ ಎಂದು ಇಬ್ಬರೂ ಬರೆಸಿದ್ದರು. ಫೋನ್ ಮಾಡಿ, ಒಬ್ಬರು ಹೊಸ ನಂಬರು ತೆಗೆದುಕೊಳ್ಳಿ ಎಂದೆ. ಅಣ್ಣ, “ಅವನಿಗೆ ಹೇಳ್ರಿ,” ಎಂದ. ತಮ್ಮ, “ಅವನಿಗೆ ಹೇಳ್ರಿ,” ಎಂದ. ಪಕ್ಕದಲ್ಲೇ ಕೂತು ಒಂದೇ ಫೋನಿನಲ್ಲಿ ಮಾತಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಹೊಸ ನಂಬರು ಹಳೆಯದಕ್ಕಿಂತ ಹಿರಿಯದು ಎಂದು ತಮ್ಮನ ಕಿವಿಯಲ್ಲಿ ಊದಿ ಕೆಲಸ ಮುಗಿಸಿಕೊಂಡೆ. ಎಣಿಕೆಯ ಲೆಕ್ಕದಲ್ಲಿ ಅದು ದೊಡ್ಡದೇ ಅಲ್ಲವೇ.

ಚಿತ್ರದುರ್ಗದ ಫೈಲ್ ಮಾತ್ರ ಒಂದು ಮಾತೂ ಆಡದೆ ಒಳಗೆ ಹೋಯಿತು. ಬುಧವಾರ ನಮ್ಮ ಮ್ಯಾನೇಜರ್ ಬಂದು ನನ್ನ ಹಿಂದೆ ನಿಂತರು. ಕಂಪ್ಯೂಟರಿನ ಯಾವ ಕಾಯಿಲೆಗೂ ಆಫ್ ಮಾಡಿ ಆನ್ ಮಾಡುವುದೊಂದೇ ಮದ್ದು ಎಂದು ನಂಬಿದವರು ಅವರು.

“ಏನಮ್ಮ, ಭೀಮಸಮುದ್ರದ ಕಡೆ ಒಬ್ಬರು ಅವ್ರಲ್ಲ, ಈ ಒಟ್ಟು ಅನ್ನೋರು, ಯಾರವರು? ತಾಲ್ಲೂಕಿಗೆಲ್ಲ ಅವ್ರದೇ ದೊಡ್ಡ ಹಿಂಡು. ನಾನು ಹೆಸರೇ ಕೇಳಿಲ್ಲ.”

ನೋಡಿದೆ. ಭೀಮಸಮುದ್ರದಲ್ಲಿ ಎಣಿಕೆ ಮಾಡಿದವರು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಪಟ್ಟಿ ಎಂದರೆ ಕೆಳಗೆ ಗೆರೆ ಎಳೆದು ಒಟ್ಟು ಹಾಕದೆ ಅವರಿಗೆ ಊಟ ಸೇರುವುದಿಲ್ಲ. ಡೇಟಾಬೇಸ್ ಆ ‘ಒಟ್ಟು’ವನ್ನು ಒಂದು ಮನೆ ಎಂದು ತಿಳಿದು, ಊರಿನ ಅಷ್ಟೂ ಕುರಿಗಳನ್ನು ಇನ್ನೊಂದು ಸಲ ಅವನ ಹೆಸರಿಗೆ ಬರೆದಿತ್ತು. ತಪ್ಪಿದ್ದಾಗ ಕಿರುಚುವ ಡೇಟಾಬೇಸಿಗಿಂತ ತಪ್ಪಿದ್ದಾಗ ಸುಮ್ಮನಿರುವ ಡೇಟಾಬೇಸೇ ಹೆಚ್ಚು ಅಪಾಯ ಎಂದು ಆಗ ಕಲಿತೆ. ಮ್ಯಾನೇಜರಿಗೆ ಮಾತ್ರ, “ಒಟ್ಟು ಅವರು ಭಾರಿ ಹಳೇ ಮನೆತನ ಸರ್, ಎಲ್ಲ ಊರಲ್ಲೂ ಅವರ ಸಂಬಂಧ ಐತೆ,” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನಿಜ ಹೇಳಿದೆ, ಸಂಜೆವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದರು.

ಉಳಿದದ್ದು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯ ಒಂದು ಫೈಲ್. ಗುರುವಾರ ಬೆಳಿಗ್ಗೆ ಅದಕ್ಕೆ ಕೈ ಹಾಕಿದೆ.

ವಾಪಸ್. ನಾಲ್ಕನೇ ಸಾಲು, ಟಗರಿನ ಅಂಕಣ, ಇರುವುದು ಸಂಖ್ಯೆಯಲ್ಲ, ಎಂದಿತು. ಏನಿದೆ ಎಂದು ನೋಡಿದರೆ ಬಾಲ ಬಂದ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಎರಡು ಚುಕ್ಕೆ, ಪಕ್ಕದಲ್ಲಿ ಒಂದು ಗೀರು. ಕೋಳಿ ಕೆದರಿದ ಹಾಗಿತ್ತು. ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಹೀಗೇ ಕಾಣುತ್ತದೆ, ನನ್ನ ಕಂಪ್ಯೂಟರಿನಲ್ಲಿ ಆ ಫಾಂಟಿಲ್ಲ. ಆದರೆ ಟಗರಿನ ಅಂಕಣದಲ್ಲಿ ಕನ್ನಡಕ್ಕೇನು ಕೆಲಸ, ಅಂಕಿ ತಾನೇ ಇರಬೇಕಾದದ್ದು.

ಕೆಟ್ಟ ಸಾಲು ಹುಡುಕುವುದಕ್ಕೆ ನನ್ನದೊಂದು ವಿಧಾನವಿದೆ. ಫೈಲನ್ನು ಅರ್ಧ ಮಾಡಿ ಎರಡನ್ನೂ ಬೇರೆ ಬೇರೆ ಹಾಕುವುದು, ಯಾವ ಅರ್ಧ ವಾಪಸ್ ಬಂತೋ ಅದನ್ನು ಮತ್ತೆ ಅರ್ಧ ಮಾಡುವುದು. ಹಾಗೆ ಮಾಡುತ್ತ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ. ಇಲ್ಲಿ ಎರಡು ಅರ್ಧವೂ ವಾಪಸ್. ನಾಲ್ಕು ಕಾಲೂ ವಾಪಸ್. ಎಂಟು ತುಂಡು ಮಾಡಿದೆ, ಎಂಟೂ ವಾಪಸ್. ಊರಿಗೆ ಊರೇ ಕಳ್ಳರಾಗಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಮೊಸರು ಗಡಿಗೆಯಾಗಿತ್ತು.

“ಆಫ್ ಮಾಡಿ ಆನ್ ಮಾಡಮ್ಮ,” ಎಂದರು ಮ್ಯಾನೇಜರ್.

“ಯಾರನ್ನ ಸರ್?”

ಅವರು ಕುರ್ಚಿ ಎಳೆದುಕೊಂಡು ಕೂತರು. “ನೋಡಮ್ಮ, ಹೋದ ವರ್ಷವೂ ಈ ಹೋಬಳಿ ಫೈಲ್ ಹೋಗಲಿಲ್ಲ. ಲಸಿಕೆ ತಪ್ಪಿತು. ಅಲ್ಲಿ ಕುರಿ ಬಹಳ ಸತ್ತವು. ಈ ಸಲವೂ ತಪ್ಪಿದ್ರೆ ಆ ಜನ ಸಂಘದ ಮುಂದೆ ಬಂದು ಕೂರ್ತಾರೆ. ಕೂತ್ರೆ ಕೂರಲಿ, ಕುರಿ ಉಳೀಬೇಕಲ್ಲ.”

ಹೋದ ವರ್ಷದ್ದು ನನಗೆ ನೆನಪಿರಲಿಲ್ಲ. ಕೆಟ್ಟ ಫೈಲ್ ಬಂದರೆ ‘ಫೈಲ್ ಸರಿ ಇಲ್ಲ. ಸರಿಪಡಿಸಿ ಮತ್ತೆ ಕಳಿಸಿ’ ಎಂದು ಒಂದು ಸಾಲು ಬರೆದು ವಾಪಸ್ ಮಾಡುತ್ತಿದ್ದೆ. ಆ ಸಾಲು ನನ್ನ ಬೆರಳುಗಳಿಗೆ ಎಷ್ಟು ಬಾಯಿಪಾಠವಾಗಿತ್ತು ಎಂದರೆ ಚಹಾ ಲೋಟ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೆ. ಈ ಸಲ ಬರೆಯಲಿಲ್ಲ. ಬರೆದರೆ ಶನಿವಾರದೊಳಗೆ ಉತ್ತರ ಬರುವಂತಿರಲಿಲ್ಲ, ಅಷ್ಟೇ ಕಾರಣ. ಎಣಿಕೆದಾರರಿಗೆ ಫೋನ್ ಹಚ್ಚಿದೆ. ಎಪ್ಪತ್ತು ದಾಟಿದ ಅಜ್ಜ ಎಂದು ದನಿಯಲ್ಲೇ ತಿಳಿಯಿತು.

“ಅಜ್ಜಾರೇ, ನಿಮ್ಮ ಪುಸ್ತಕ ತೆಗೀರಿ. ನಾಲ್ಕನೇ ಮನೆ ಓದ್ರಿ.”

“ಹೆಣ್ಣು ಕುರಿ ಇಪ್ಪತ್ತೆರಡು. ಟಗರು ಲಾಭ. ಮರಿ ಮತ್ತೊಂದು.”

“ಲಾಭ ನಷ್ಟ ಆಮೇಲೆ ನೋಡಾಣ. ಟಗರು ಎಷ್ಟು ಹೇಳ್ರಿ.”

“ಲಾಭ.”

“ಯಾರಿಗೆ?”

“ಯಾರಿಗೆ ಅಂದ್ರೆ? ಮನೆಯವರಿಗೆ.”

“ಹೋಗ್ಲಿ ಬಿಡ್ರಿ. ಮರಿ ಎಷ್ಟು?”

“ಮತ್ತೊಂದು.”

“ಮೊದಲಿನದು ಹೇಳದೆ ಮತ್ತೊಂದು ಅಂದ್ರೆ ಹೆಂಗಜ್ಜ?”

“ಮೊದಲಿನದು ಲಾಭ ಅಲ್ಲವೇನವ್ವ,” ಎಂದರು ಅಜ್ಜ, ಮಗುವಿಗೆ ಹೇಳುವಷ್ಟು ಸಮಾಧಾನದಿಂದ.

ನಾನು ಫೋನ್ ಇಟ್ಟೆ. ಇಡುವಾಗ ಟೇಬಲ್ಲಿಗೆ ಸ್ವಲ್ಪ ಜೋರಾಗಿಯೇ ತಗುಲಿತು. ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಇಲ್ಲವೇ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಎದುರಿಗೇ ಹೋಗಿ ಎರಡು ಮಾತು ಬಿಸಿಬಿಸಿಯಾಗಿ ಹೇಳಿ ಬರುತ್ತೇನೆ ಎಂದು ಶುಕ್ರವಾರ ಮೊದಲ ಬಸ್ಸು ಹಿಡಿದೆ. ಹಿರಿಯೂರಿನಲ್ಲಿ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ, ವಯಸ್ಸಾದವರು ಎಂದು ಅರ್ಧ ತೆಗೆದುಹಾಕಿದೆ, ಉಳಿದರ್ಧ ಸಾಕಷ್ಟಿತ್ತು.

ಅಜ್ಜನ ಮನೆ ಊರಾಚೆ, ಹಟ್ಟಿಯ ಕಡೆ. ನಾನು ಹೋದಾಗ ಅವರು ಪಕ್ಕದ ಮನೆಯವರ ರೊಪ್ಪದ ಬಾಯಲ್ಲಿ ನಿಂತಿದ್ದರು. ಜಾಲಿಮುಳ್ಳಿನ ಬೇಲಿ ಹಾಕಿ ಕುರಿ ಕೂಡುವ ಜಾಗಕ್ಕೆ ಅಲ್ಲಿ ರೊಪ್ಪ ಎನ್ನುತ್ತಾರೆ. ಕುರಿಗಳು ಮೇಯಲು ಹೊರಡುವ ಹೊತ್ತು. ಅಜ್ಜ ಸಣಕಲು ಮನುಷ್ಯ, ತಲೆಗೆ ಟವಲ್ಲು, ಕಂಕುಳಲ್ಲಿ ರಟ್ಟಿನ ಪುಸ್ತಕ.

“ಆಫೀಸಿನವ್ವನಾ? ಬರ್ರಿ, ಕುಂತ್ಕಳ್ರಿ. ಫೋನು ಕಟ್ಟಾಯ್ತು ನಿನ್ನೆ.”

“ಕಟ್ಟಾಗ್ಲಿಲ್ಲ, ನಾನೇ ಕಟ್ ಮಾಡ್ದೆ. ಕುಂತ್ಕಳಲ್ಲ. ನನ್ನ ಕಣ್ಣೆದುರಿಗೆ ಎಣಿಸ್ರಿ, ಹೆಂಗೆ ಎಣಿಸ್ತೀರಿ ನೋಡ್ತೀನಿ.”

ಅಜ್ಜ ಬೇಲಿಯ ಬಾಯಿಗೆ ಅಡ್ಡ ಇಟ್ಟ ಮುಳ್ಳಿನ ಪಡಕನ್ನು ಒಂದು ಕುರಿ ಹಾಯುವಷ್ಟು ಸರಿಸಿದರು. ಮೊದಲನೆಯದು ಹೊರಗೆ ಬಂತು. ಅದರ ಬೆನ್ನು ಮುಟ್ಟಿ, “ಲಾಭ,” ಎಂದರು. ಮುಂದಿನದಕ್ಕೆ ಎರಡು. ಮೂರು, ನಾಲ್ಕು, ಐದು, ಆರು. ಅದರ ಮುಂದಿನದು ಬಂತು. “ಮತ್ತೊಂದು,” ಎಂದರು. ಎಂಟು, ಒಂಬತ್ತು.

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮಜ್ಜಿ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎಂದಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಲಾಭ ಎಂದೇ ಶುರು. ಒಂದು ಎಂದರೆ ಒಂಟಿಯಾಗುತ್ತದೆ. ಏಳು ಎನ್ನುವ ಹಾಗಿಲ್ಲ, ಎಂದರೆ ಲಕ್ಷ್ಮಿ ನಿಜಕ್ಕೂ ಎದ್ದು ಹೋಗುತ್ತಾಳೆ. ಆ ಸೇರಿನ ಮುಂದೆ ಕೂತು ಚೀಲದ ಬಾಯಿ ಹಿಡಿದು ಬೆಳೆದವಳು ನಾನು. ಬೈಯಲೆಂದು ನಲವತ್ತು ಮೈಲಿ ಬಂದಿದ್ದೆ, ಈಗ ಬೈದುಕೊಳ್ಳಬೇಕಾದದ್ದು ನನ್ನನ್ನೇ.

“ಅಂಕಿ ಹಾಕೋಕೇನಾಗಿತ್ತಜ್ಜ? ಬಾಯಲ್ಲಿ ಲಾಭ ಅನ್ರಿ, ಪುಸ್ತಕದಾಗೆ ಒಂದು ಗೆರೆ ಎಳೀರಿ.”

“ಬಾಯಲ್ಲಿ ಅನ್ನಬಾರದ್ದನ್ನ ಕೈಯಾಗೆ ಬರೀಬಹುದೇನವ್ವ? ಜೀವ ಇರೋವು.”

“ಮತ್ತೆ ಫೈಲಿನಾಗೆ ಹದಿನೇಳಕ್ಕೆ ಮಾತ್ರ ಅಂಕಿ ಹಾಕಿದೀರಿ?”

“ಹದಿನೇಳು ಅಂದ್ರೆ ಯಾರೂ ಎದ್ದು ಹೋಗಲ್ಲ.”

ಜೆರಾಕ್ಸ್ ಅಂಗಡಿಯವಳು ಪಾಪ, ಅಜ್ಜ ಬರೆದದ್ದನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದಳು. ಲಾಭ ಎನ್ನುವುದು ಸರ್ಕಾರದ ಯಾವುದೋ ಯೋಜನೆ ಎಂದುಕೊಂಡಿದ್ದಳಂತೆ. ಹಿಂಡಿಗೊಂದು ಟಗರು ಬಿಡುವ ಊರು ಅದು, ಹಾಗಾಗಿ ಟಗರಿನ ಅಂಕಣದ ತುಂಬ ಹೆಚ್ಚುಕಡಿಮೆ ಮನೆಮನೆಗೂ ಲಾಭ. ನನ್ನ ಎಂಟು ತುಂಡಿನಲ್ಲಿ ಎಂಟೂ ವಾಪಸ್ ಬಂದದ್ದಕ್ಕೆ ಇದೇ ಕಾರಣ.

ಕೋಪ ಇಳಿದು ನನಗೆ ಚೇಷ್ಟೆ ಹತ್ತಿತು. “ಅಜ್ಜ, ಒಂದ್ಸಲ, ಒಂದೇ ಒಂದ್ಸಲ, ಒಂದು ಅನ್ರಿ ನೋಡಾಣ.”

“ಅನ್ನಲ್ಲ.”

“ನಿಮಗೆ ಎಷ್ಟು ಜನ ಸೊಸೆಯರು?”

“ಸೊಸೆ ಇದಾಳೆ,” ಎಂದರು ಅಜ್ಜ. ಎಷ್ಟು ಎಂದು ಹೇಳಲೇ ಇಲ್ಲ. ಆ ಸೊಸೆ ಒಳಗಿನಿಂದ ನಗುತ್ತ ಮಜ್ಜಿಗೆ ತಂದುಕೊಟ್ಟಳು.

ಜಗಲಿಯ ಮೇಲೆ ಕೂತು ಪುಸ್ತಕವನ್ನು ಸಾಲುಸಾಲಾಗಿ ನೋಡುತ್ತ ಹೋದೆ. ಅಲ್ಲಲ್ಲಿ ಇನ್ನೊಂದು ಪದ ಇತ್ತು: ‘ಹೆಚ್ಚೈತೆ’.

“ಇದೇನಜ್ಜ, ಹೆಚ್ಚೈತೆ ಅಂದ್ರೆ ಎಷ್ಟು? ನೂರಾ, ಇನ್ನೂರಾ? ಎಣಿಸೋಕೆ ಬೇಜಾರಾಯ್ತಾ?”

“ನಿಮ್ಮನೇಲಿ ಅಕ್ಕಿ ಮುಗಿದ್ರೆ ಏನಂತೀಯವ್ವ?”

“ಅಕ್ಕಿ ಹೆಚ್ಚೈತೆ ಅಂತೀವಿ.”

“ಹ್ಞೂಂ.”

ಸೊನ್ನೆ. ಇಲ್ಲ ಎನ್ನಬಾರದು, ಆದ್ದರಿಂದ ಹೆಚ್ಚೈತೆ. ಮೂರು ಪದ, ಮೂರು ಅಂಕಿ. ಹತ್ತು ನಿಮಿಷದ ಕೆಲಸ. ಖುಷಿಯಲ್ಲಿ ಹಾಳೆ ಮಗುಚಿದೆ. ಕೊನೆಯ ಸಾಲಿನಲ್ಲಿ ಹೆಣ್ಣು ಕುರಿ ಹೆಚ್ಚೈತೆ, ಟಗರು ಹೆಚ್ಚೈತೆ, ಮರಿ ಹೆಚ್ಚೈತೆ.

“ಅಬ್ಬಾ, ಇವರದ್ದು ಭಾರಿ ಹೆಚ್ಚೈತಲ್ಲಜ್ಜ. ಯಾರಿದು ಈ ಸಾಹುಕಾರ್ರು?”

“ನಮ್ದೇ,” ಎಂದರು ಅಜ್ಜ.

ನಾನು ತಲೆ ಎತ್ತಿದೆ. ಮನೆಯ ಬಲಕ್ಕೆ ಅವರದೇ ರೊಪ್ಪ ಇತ್ತು. ಬೇಲಿ ಗಟ್ಟಿಯಾಗಿತ್ತು, ಪಡಕು ಹಾಕಿತ್ತು, ಒಳಗೆ ಗುಡಿಸಿದ ನೆಲ. ಒಂದು ಹಿಕ್ಕೆಯೂ ಇರಲಿಲ್ಲ. ಬಂದಾಗಿನಿಂದ ಅದು ನನ್ನ ಕಣ್ಣೆದುರಿಗೇ ಇತ್ತು.

“ಹೋದ ಮಳೆಗಾಲ,” ಎಂದರು. “ನಾಲಿಗೆ ನೀಲಿ ತಿರುಗಿತು, ಕಾಲು ಕುಂಟಿದವು. ಊರಾಗೆ ಎಲ್ಲರವೂ ಹೋದವು, ಅರ್ಧ, ಕಾಲು. ನಮ್ಮವು ಎಲ್ಲಾ.”

ನಾನು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದೆ. ಹೋದ ವರ್ಷದ ಪಟ್ಟಿ ಅದರಲ್ಲೇ ಇತ್ತು, ಕೊನೆಯ ಸಾಲಿನಲ್ಲಿ ಅವರ ಮನೆ: ಹೆಣ್ಣು ಕುರಿ ಮೂವತ್ತೆರಡು, ಟಗರು ಲಾಭ, ಮರಿ ಹನ್ನೆರಡು. ಪಟ್ಟಿಯ ಪಕ್ಕದಲ್ಲಿ ನಾಲ್ಕಾಗಿ ಮಡಚಿದ ಒಂದು ಪ್ರಿಂಟು. ‘ಫೈಲ್ ಸರಿ ಇಲ್ಲ. ಸರಿಪಡಿಸಿ ಮತ್ತೆ ಕಳಿಸಿ.’ ಅದರ ಮುಂದಿನ ಹಾಳೆಗಳಲ್ಲಿ ಅದೇ ಪಟ್ಟಿ ಇನ್ನೊಂದು ಸಲ, ಇನ್ನೂ ದುಂಡಗಿನ ಅಕ್ಷರದಲ್ಲಿ, ಲಾಭಕ್ಕೆ ಲಾಭ, ಮತ್ತೊಂದಕ್ಕೆ ಮತ್ತೊಂದು. ಅಕ್ಷರ ಸರಿ ಇಲ್ಲ ಎಂದಿದ್ದಾರೆ ಎಂದು ತಿಳಿದು ಅಜ್ಜ ಎಲ್ಲವನ್ನೂ ಹೊಸದಾಗಿ ಬರೆದಿದ್ದರು. ಅಷ್ಟರಲ್ಲಿ ಪಟ್ಟಿ ಮುಚ್ಚಿತ್ತು.

ಮಜ್ಜಿಗೆ ಲೋಟ ಕೆಳಗಿಟ್ಟೆ. ಆ ಸಾಲು ನನ್ನದು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅಜ್ಜಿಗೆ ಔಷಧಿ ತರಬೇಕು, ಬಸ್ಸು ತಪ್ಪುತ್ತದೆ ಎಂದು ಏನೇನೋ ಸುಳ್ಳು ಹೇಳಿ ಎದ್ದೆ. ನಮ್ಮಜ್ಜಿ ಹೋಗಿ ಒಂಬತ್ತು ವರ್ಷವಾಗಿತ್ತು.

ಶನಿವಾರ ಹನ್ನೆರಡೂವರೆಗೆ ಅಂತೂ ಅಂಗಡಿಯವಳು ಕಳಿಸಿದ ಫಾಂಟ್ ಹಾಕಿಕೊಂಡು, ಲಾಭ ಇದ್ದಲ್ಲೆಲ್ಲ ಒಂದು, ಮತ್ತೊಂದು ಇದ್ದಲ್ಲೆಲ್ಲ ಏಳು, ಹೆಚ್ಚೈತೆ ಇದ್ದಲ್ಲೆಲ್ಲ ಸೊನ್ನೆ ಮಾಡಿದೆ. ಏಳು ಎಂದು ಒತ್ತುವಾಗ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಜ್ಞೆ ಕೊಟ್ಟೆ.

ವಾಪಸ್.

ಕೊನೆಯ ಸಾಲು. ಒಂದು ಕುರಿಯೂ ಇಲ್ಲದ ಮನೆಯನ್ನು ಸೇರಿಸುವಂತಿಲ್ಲ, ಎಂದಿತು ಡೇಟಾಬೇಸ್. ನಿಯಮ ನಾನು ಮಾಡಿದ್ದಲ್ಲ, ಸಂಘದ್ದು. ಕುರಿ ಇಲ್ಲದವರು ಸದಸ್ಯರಲ್ಲ, ಸದಸ್ಯರಲ್ಲದವರು ಎಣಿಕೆದಾರರಾಗುವಂತಿಲ್ಲ. ಒಂದು ಸಾಲಿಗೋಸ್ಕರ ಇಡೀ ಹೋಬಳಿ ಬಸ್ಸಿನಿಂದ ಇಳಿದು ರಸ್ತೆಯಲ್ಲಿ ನಿಂತಿತ್ತು. ಗಂಟೆ ಒಂದಾಗಿತ್ತು.

“ಆ ಸಾಲು ಕಿತ್ತಾಕಮ್ಮ, ಮಿಕ್ಕಿದ್ದು ಹೋಗುತ್ತೆ,” ಎಂದರು ಮ್ಯಾನೇಜರ್. ಅವರು ಕೆಟ್ಟವರಲ್ಲ, ಗಡಿಯಾರ ನೋಡುತ್ತಿದ್ದರು.

ಅಜ್ಜನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಲು ತೆಗೆದರೆ ಅವರ ಸದಸ್ಯತ್ವವೂ ಹೋಗುತ್ತದೆ, ಮುಂದಿನ ವರ್ಷ ಎಣಿಸಲು ಬೇರೆಯವರು ಬರುತ್ತಾರೆ ಎಂದೆ.

“ತೆಗೆದಾಕವ್ವ,” ಎಂದರು ಒಂದು ಗಳಿಗೆಯೂ ಯೋಚಿಸದೆ. “ನಮ್ದೊಂದಕ್ಕೆ ಊರಿನ ಕುರಿ ಯಾಕೆ ಸಾಯಬೇಕು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಜ್ಜನ ಮೇಲಲ್ಲ. “ಮಾತಲ್ಲಿ ‘ಒಂದು’ ಅಂದುಬಿಟ್ರಿ ನೋಡ್ರಿ ಅಜ್ಜ,” ಎಂದೆ.

“ಅದು ಕುರಿಗಲ್ಲ, ನಮಗೆ,” ಎಂದರು.

ಫೋನ್ ಇಟ್ಟು, ಮ್ಯಾನೇಜರ್ ನೀರು ಕುಡಿಯಲು ಎದ್ದು ಹೋದದ್ದನ್ನು ನೋಡಿ, ಅಜ್ಜನ ಸಾಲಿನಲ್ಲಿ ಟಗರಿನ ಅಂಕಣದ ಸೊನ್ನೆ ತೆಗೆದು ಒಂದು ಎಂದು ಒತ್ತಿದೆ. ಆಜ್ಞೆ ಕೊಟ್ಟೆ. ಎಲ್ಲ ಸಾಲೂ ಒಳಗೆ ಹೋದವು. ಹನ್ನೊಂದು ವರ್ಷದ ನೌಕರಿಯಲ್ಲಿ ಡೇಟಾಬೇಸಿಗೆ ನಾನು ಬೇಕಂತಲೇ ಹೇಳಿದ ಸುಳ್ಳು ಅದೊಂದೇ. ಮತ್ತೆ ಅಜ್ಜನಿಗೆ ಫೋನ್ ಮಾಡಿ, “ನಿಮ್ಮ ಹೆಸರಲ್ಲಿ ಟಗರು ಲಾಭ ಅಂತ ಹಾಕಿದೀನಿ, ಯಾರಾದ್ರೂ ಕೇಳಿದ್ರೆ ಮೇಯಾಕೆ ಹೋಗೈತೆ ಅನ್ರಿ,” ಎಂದೆ.

ಮಾಡಿದ ಪಾಪ ಹುಡುಕಿಕೊಂಡು ಬರುವುದು ಎಂದರೆ ಇದೇ ಇರಬೇಕು. ಲಸಿಕೆ ಹಾಕುವ ದಿನ ಪಟ್ಟಿ ತಾಳೆ ನೋಡಲು ಆಫೀಸಿನಿಂದ ಒಬ್ಬರು ಹೋಗಬೇಕಿತ್ತು, ಮ್ಯಾನೇಜರ್ ನನ್ನನ್ನೇ ಕಳಿಸಿದರು. ಪಶುವೈದ್ಯರು ಬಲು ಕಟ್ಟುನಿಟ್ಟು. ಪಟ್ಟಿಯಲ್ಲಿದ್ದಷ್ಟು ತಲೆ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಸುಳ್ಳು ಲೆಕ್ಕ ಎಂದು ಬರೆಯುತ್ತಿದ್ದರು. ಬರೆದರೆ ಅಜ್ಜನ ಹೆಸರು ಹೋಗುವುದು ಸರಿ, ಸುಳ್ಳ ಎಂಬ ಹಣೆಪಟ್ಟಿ ಕಟ್ಟಿಕೊಂಡು ಹೋಗುತ್ತದೆ. ಮನೆಯಿಂದ ಮನೆಗೆ ಹೋಗುತ್ತ ಉಳಿದ ಮನೆಗಳನ್ನು ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಕೊನೆಯ ಮನೆಗೆ ಮುಂಚೆ, “ಬಿಸಿಲು ಜಾಸ್ತಿ ಸರ್, ಇಷ್ಟು ಸಾಕು, ಹೋಗಾಣ,” ಎಂದೆ.

“ಇನ್ನೊಂದು ಮನೆ ಐತಲ್ಲ,” ಎಂದರು ವೈದ್ಯರು.

ಅಜ್ಜ ರೊಪ್ಪದ ಬಾಯಲ್ಲಿ ನಿಂತಿದ್ದರು. ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಒಂದು ಟಗರುಮರಿ, ಕೊಂಬು ಇನ್ನೂ ಮೊಳಕೆ. ಗುಡಿಸಿದ ರೊಪ್ಪದ ಮಧ್ಯೆ ಅದು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ವೈದ್ಯರು ಸೂಜಿ ತುಂಬುತ್ತಿದ್ದಾಗ ನಾನು ಅಜ್ಜನ ಹತ್ತಿರ ಹೋಗಿ, “ಎಲ್ಲಿಂದ?” ಎಂದೆ ಮೆಲ್ಲಗೆ.

“ತಂಗಿ ಮಗ ಕೊಟ್ಟ. ನೀನು ಬರೆದಿದ್ದೆಯಲ್ಲ. ಬರೆದಿದ್ದು ಸುಳ್ಳಾಗಬಾರ್ದು.”

ಇನ್ನು ತಡೆಯಲಾಗಲಿಲ್ಲ. “ಅಜ್ಜ, ಹೋದ ವರ್ಷ ಫೈಲ್ ಸರಿ ಇಲ್ಲ ಅಂತ ಬರೆದು ಕಳಿಸಿದ್ದು ನಾನು. ಒಂದು ಫೋನ್ ಮಾಡಿದ್ರೆ ತಿಳೀತಿತ್ತು. ಮಾಡ್ಲಿಲ್ಲ.”

“ಗೊತ್ತು. ಚೀಟಿ ಕೆಳಗೆ ನಿನ್ನ ಹೆಸರು ಐತೆ.”

“ಮತ್ತೆ ನಾನು ಬಂದ ದಿನ ಯಾಕೆ ಬೈಲಿಲ್ಲ?”

ಅಜ್ಜ ಮರಿಯ ಕಿವಿ ಹಿಡಿದು ವೈದ್ಯರ ಕಡೆ ತಿರುಗಿಸಿದರು. “ನೀನು ಬೈಯಾಕೆ ಅಂತ ಬಂದಿದ್ದೆ. ಇಬ್ಬರೂ ಬೈದ್ರೆ ಎಣಿಸೋರು ಯಾರು?”

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡೂ ಒಟ್ಟಿಗೆ ಬಂದು ಮೂಗು ಸೋರಿತು, ಸೆರಗಿನಲ್ಲಿ ಒರೆಸಿಕೊಂಡೆ. ಮರಿ ಸೂಜಿ ಚುಚ್ಚಿಸಿಕೊಂಡು ಒಂದು ಸಲ ಕೂಗಿ ಸುಮ್ಮನಾಯಿತು. ವೈದ್ಯರು ಪಟ್ಟಿ ತೆಗೆದು, ಪೆನ್ನು ಹಿಡಿದು, ಅಜ್ಜನನ್ನು ನೋಡಿದರು.

“ಎಷ್ಟಜ್ಜ ನಿಮ್ಮವು?”

“ಲಾಭ.”

“ಎಷ್ಟು ಅಂದೆ. ಒಂದಾ?”

ಅಜ್ಜ ಹಗ್ಗ ಬಿಗಿ ಹಿಡಿದು ನನ್ನ ಮುಖ ನೋಡಿದರು. ನನಗೆ ಮೂಗಿನ ತುದಿಗೆ ಕೋಪ ಬಂತು.

“ಲಾಭ ಅಂದ್ರಲ್ಲ ಸರ್,” ಎಂದೆ. “ಹಂಗೇ ಬರ್ಕಳ್ರಿ.”